ಹಕ್ಕಿ ಹಿಕ್ಕೆ ಬಳಿದ ನನ್ನ ತಮ್ಮ

ಜುಲೈ ಬಂತೆಂದರೆ ನಮ್ಮ ಹಾರ್ಪರ್ಸ್ ಬೆಂಡ್ ಊರಿನ ಜನಕ್ಕೆ ಕತ್ತು ನೆಟ್ಟಗೆ ನಿಲ್ಲುವುದಿಲ್ಲ. ಸಂಜೆಯಾಗುತ್ತಿದ್ದಂತೆ ಮಡಚುವ ಕುರ್ಚಿ, ಐಸ್ ಹಾಕಿದ ಸಿಹಿ ಚಹಾ, ಬೇಯಿಸಿದ ಕಡಲೆಕಾಯಿ, ಕೊಡೆ ಎಲ್ಲ ಹೊತ್ತುಕೊಂಡು ಹೆದ್ದಾರಿ ಪಕ್ಕದ ಶಾಪಿಂಗ್ ಸೆಂಟರಿನ ಪಾರ್ಕಿಂಗ್ ಜಾಗಕ್ಕೆ ಹೊರಡುತ್ತಾರೆ. ಕೊಡೆ ಮಳೆಗಲ್ಲ. ಅಲ್ಲಿ ನಲವತ್ತು ಪೇರ್ ಮರಗಳಿವೆ. ಸೂರ್ಯ ಮುಳುಗಿದ ಮೇಲೆ ಎಲ್ಲ ದಿಕ್ಕಿನಿಂದ ಕವಲು ಬಾಲದ, ಕಪ್ಪು ಮೈಯ ಮಾರ್ಟಿನ್ ಹಕ್ಕಿಗಳು ಬಂದು ಆ ಮರಗಳ ಮೇಲೆ ಸುತ್ತು ಹಾಕಲು ಶುರು ಮಾಡುತ್ತವೆ. ಮೊದಲು ನೂರು, ಆಮೇಲೆ ಸಾವಿರ, ಕೊನೆಗೆ ಲಕ್ಷ ಎನ್ನುತ್ತಾರೆ. ಎಣಿಸಿದವರು ಯಾರೋ ಗೊತ್ತಿಲ್ಲ. ಕಪ್ಪು ಹೊಗೆಯ ಹಾಗೆ ಸುತ್ತಿ ಸುತ್ತಿ, ಒಂದೇ ಸಲಕ್ಕೆ ಮರಗಳೊಳಗೆ ಸುರಿದುಬೀಳುತ್ತವೆ. ಕೆಳಗೆ ಕುಳಿತವರು ಚಪ್ಪಾಳೆ ತಟ್ಟುತ್ತಾರೆ. ಗಿಡುಗ ಬಂದು ಒಂದನ್ನು ಹಿಡಿದುಕೊಂಡು ಹೋದರೆ ಅದಕ್ಕೂ ಚಪ್ಪಾಳೆ.

ನನಗೆ ಅದನ್ನು ನೆನೆಸಿಕೊಂಡರೆ ವಾಕರಿಕೆ ಬರುತ್ತದೆ. ನಾನೂ ಒಂದು ಸಲ ಹೋಗಿದ್ದೆ. ಎಲ್ಲರಂತೆ ಬಾಯಿ ತೆರೆದುಕೊಂಡು ಮೇಲೆ ನೋಡಿದೆ. ಆಮೇಲೆ ಏನಾಯಿತೆಂದು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಮನೆಗೆ ಬಂದು ಮೂರು ಸಲ ಬಾಯಿ ತೊಳೆದೆ ಎಂದಷ್ಟೇ ತಿಳಿದುಕೊಳ್ಳಿ. ಆ ಮರಗಳಾದರೂ ಎಂಥವು! ಹಣ್ಣು ಬಿಡದ ಪೇರ್ ಮರ. ಮಾರ್ಚಿನಲ್ಲಿ ಹೂ ಬಿಟ್ಟರೆ ಕೊಳೆತ ಮೀನಿನ ನಾತ. ಆಗಸ್ಟಿನಲ್ಲಿ ಹಕ್ಕಿಯ ನಾತ. ಇಂಥ ಜಾಗದಲ್ಲಿ ಕುಳಿತು ಜನ ಸಕ್ಕರೆಪುಡಿ ಉದುರಿಸಿದ ಕರಿದ ತಿಂಡಿ ತಿನ್ನುತ್ತಾರೆ. ಉದುರಿದ್ದೆಲ್ಲ ಸಕ್ಕರೆಯೇ ಅಂದುಕೊಳ್ಳುತ್ತಾರೋ ಏನೋ.

ಲಕ್ಷ ಹಕ್ಕಿ ರಾತ್ರಿಯೆಲ್ಲ ಮಾಡಿದ್ದನ್ನು ಬೆಳಿಗ್ಗೆ ಯಾರಾದರೂ ತೆಗೆಯಬೇಕಲ್ಲ. ತೆಗೆಯುತ್ತಿದ್ದವನು ನನ್ನ ತಮ್ಮ ಲೆಮ್ಯುಯಲ್ ಪೆಟಸ್. ಊರಿಗೆಲ್ಲ ಲೆಮ್.

ಲೆಮ್ ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಹೆಂಡತಿ ಸತ್ತ ಮೇಲೆ ಅವನು, ಗಂಡ ಸತ್ತ ಮೇಲೆ ನಾನು, ಇಬ್ಬರೂ ಅಪ್ಪನ ಮನೆಗೇ ಬಂದು ಸೇರಿಕೊಂಡೆವು. ನಾನು ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸಾರು ಕಲಕಿದವಳು, ಚೊಕ್ಕಟ ನನಗೆ ದೇವರು. ಲೆಮ್‌ಗೆ ಅದರ ಗೊಡವೆ ಇರಲಿಲ್ಲ. ಅವನು ಮಾತು ಕಡಿಮೆಯ, ಕೈ ದೊಡ್ಡದಾದ, ಚರ್ಚಿನಲ್ಲಿ ಪಾದ್ರಿಗೆ ನೆರವಾಗುವ ಡೀಕನ್ ಆಗಿದ್ದ, ಸುಳ್ಳು ಹೇಳಲು ಬಾರದ ಮನುಷ್ಯ. ಚಿಕ್ಕವನಿದ್ದಾಗ ಪಕ್ಕದ ಮನೆಯ ಪೀಚ್ ಹಣ್ಣು ಕದ್ದು, ಬೈಯುವ ಮೊದಲೇ ತಾನೇ ಹೋಗಿ ಬಾಗಿಲು ತಟ್ಟಿ ಹೇಳಿ ಬಂದಿದ್ದ. ಅಂಥ ಪೆದ್ದ.

ಅವನ ಒಂದೇ ಹುಚ್ಚು ಈ ಮಾರ್ಟಿನ್ ಹಕ್ಕಿ. ನಮ್ಮಲ್ಲಿ ಅದು ಹುಚ್ಚೂ ಅಲ್ಲ, ಅಪ್ಪ ಮಾಡುತ್ತಿದ್ದದ್ದು, ಅವರಪ್ಪ ಮಾಡುತ್ತಿದ್ದದ್ದು. ಹಿತ್ತಿಲಲ್ಲಿ ಎತ್ತರದ ಕಂಬ ನಿಲ್ಲಿಸಿ, ಅದಕ್ಕೆ ಅಡ್ಡ ತೊಲೆ ಕಟ್ಟಿ, ಒಣಗಿದ ಸೋರೆ ಬುರುಡೆಗಳನ್ನು ತೂಗುಬಿಡುವುದು. ಬುರುಡೆಗೆ ಒಂದು ತೂತು. ಫೆಬ್ರವರಿಯಲ್ಲಿ ಬ್ರೆಜಿಲ್ ಕಡೆಯಿಂದ ಹಕ್ಕಿ ಬಂದು ಆ ತೂತಿನೊಳಗೆ ಸಂಸಾರ ಹೂಡುತ್ತದೆ. ಮನುಷ್ಯ ಮನೆ ಕಟ್ಟಿಕೊಡದಿದ್ದರೆ ನಮ್ಮ ಸೀಮೆಯ ಮಾರ್ಟಿನ್ನಿಗೆ ಮನೆಯೇ ಇಲ್ಲ. ಅದಕ್ಕೇ ಬುರುಡೆ ಕಟ್ಟಿದವರನ್ನು ನಮ್ಮಲ್ಲಿ ಹಕ್ಕಿಗಳ ಮನೆ ಯಜಮಾನರು ಎನ್ನುತ್ತಾರೆ. ಲೆಮ್ ಇಪ್ಪತ್ತನಾಲ್ಕು ಬುರುಡೆಯ ಯಜಮಾನ.

ಯಜಮಾನಿಕೆ ಎಂದರೆ ಏನು ಅಂದುಕೊಂಡಿರಿ? ಬೆಳಗಿನ ಮೊಟ್ಟೆಯ ಚಿಪ್ಪನ್ನು ನನ್ನ ಒಲೆಯಲ್ಲಿ ಹುರಿದು, ಪುಡಿ ಮಾಡಿ, ತಟ್ಟೆಯಲ್ಲಿಟ್ಟು ತಿನ್ನಿಸುವುದು. ವಾರಕ್ಕೊಮ್ಮೆ ಹಗ್ಗ ಸಡಿಲಿಸಿ ತೊಲೆ ಇಳಿಸಿ ಒಂದೊಂದು ಬುರುಡೆಯೊಳಗೂ ಕೈ ಹಾಕಿ ನೋಡುವುದು. ಉಣ್ಣಿಯಂಥ ಹುಳು ತುಂಬಿದ ಗೂಡನ್ನು ತೆಗೆದು, ಮರಿಗಳ ಕೆಳಗೆ ಒಣಗಿದ ಪೈನ್ ಎಲೆ ಹಾಸುವುದು. ಮೊಟ್ಟೆ ಒಡೆದು ಗೂಡು ಕಸಿಯುವ ಗುಬ್ಬಿ ನುಗ್ಗಿದರೆ ಬೋನಿಟ್ಟು ಹಿಡಿದು ಕತ್ತು ತಿರುಚುವುದು. ಶನಿವಾರ ಗುಬ್ಬಿಯ ಕತ್ತು ತಿರುಚಿದ ಕೈಯಲ್ಲೇ ಭಾನುವಾರ ಚರ್ಚಿನಲ್ಲಿ ಪ್ರಭುವಿನ ರೊಟ್ಟಿ ಹಂಚುತ್ತಿದ್ದ. ನಾನು ಆ ತಟ್ಟೆಯಿಂದ ತುಂಡು ತೆಗೆದುಕೊಳ್ಳುವಾಗ ಪ್ರತಿಸಲ ಕಣ್ಣು ಮುಚ್ಚುತ್ತಿದ್ದೆ. ಜನ ಭಕ್ತಿ ಅಂದುಕೊಂಡಿದ್ದರು.

ಹಕ್ಕಿ ಹೋದ ಮೇಲೆ ಶರತ್ಕಾಲದಲ್ಲಿ ಎಲ್ಲ ಬುರುಡೆ ಇಳಿಸಿ ತೊಳೆಯುವುದು. ನನ್ನ ಕಡಲೆಕಾಯಿ ಬೇಯಿಸುವ ಹಂಡೆಯೇ ಅವನಿಗೆ ಬೇಕು. ಮೊದಲು ನೀರು ಸುರಿದು ನೆನೆಸುತ್ತಿದ್ದ. ನೆನೆಯದೆ ಒಂದು ಗೂಡನ್ನೂ ಹೊರಗೆ ತೆಗೆಯುತ್ತಿರಲಿಲ್ಲ. ಒಣಗಿದ ಹಿಕ್ಕೆಯ ದೂಳು ಎದೆಗೆ ಇಳಿದರೆ ಕಷ್ಟ ಎಂದು ಅಪ್ಪ ಕೋಳಿಗೂಡಿನ ಕಾಲದಿಂದ ಹೇಳಿಕೊಟ್ಟದ್ದು. ಆಮೇಲೆ ಮೈಲುತುತ್ತದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದ. ಮಣ್ಣು, ಹುಳು, ಒಣಗಿದ ಮರಿ, ಎಲ್ಲ ನನ್ನ ಹಂಡೆಯಲ್ಲಿ.

"ಲೋ, ಆ ಹಂಡೆಯಲ್ಲಿ ನಾನು ತಿನ್ನೋದು ಬೇಯಿಸ್ತೀನಿ ಕಣೋ."

"ತೊಳೆದು ಕೊಡ್ತೀನಿ ಬಿಡಕ್ಕಾ."

"ನೀನು ತೊಳೆದದ್ದನ್ನ ನಾನು ಮತ್ತೆ ಮೂರು ಸಲ ತೊಳೀಬೇಕು."

"ತೊಳಿ. ನಿನಗೆ ಬೇರೆ ಏನು ಕೆಲಸ?" ಎಂದು ನಗುತ್ತಿದ್ದ. ಆ ನಗು ಈಗ ಇಲ್ಲ.

ಜೂನ್ ಕೊನೆಗೆ ಮರಿಗಳು ಹಾರುತ್ತವೆ. ಹಾರಿ ಎಲ್ಲಿಗೆ ಹೋಗುತ್ತವೆ? ದಕ್ಷಿಣಕ್ಕೆ ಹೊರಡುವ ಮೊದಲು ಎಲ್ಲ ಊರಿನ ಹಕ್ಕಿಗಳೂ ಒಂದು ಕಡೆ ಸೇರುತ್ತವಲ್ಲ, ಅಲ್ಲಿಗೆ. ಆರು ವರ್ಷದ ಹಿಂದೆ ಅವು ಆರಿಸಿಕೊಂಡದ್ದು ಅದೇ ಶಾಪಿಂಗ್ ಸೆಂಟರಿನ ಪೇರ್ ಮರಗಳನ್ನು. ಅಲ್ಲಿ ಕಸ ಗುಡಿಸುವ ಕೆಲಸ ಲೆಮ್‌ನದು. ವಸಂತದಲ್ಲಿ ಮನೆಯಲ್ಲಿ ಅವುಗಳ ಬಾಣಂತನ, ಬೇಸಗೆಯಲ್ಲಿ ಕೆಲಸದ ಜಾಗದಲ್ಲಿ ಅವುಗಳ ಹಿಕ್ಕೆ. ಇಂಥ ಹಣೆಬರಹ ಯಾರಿಗಿದೆ? ಅವನಿಗೋ ಹೆಮ್ಮೆ! ಸಂಜೆ ಜನರ ನಡುವೆ ನಿಂತು, "ಅಗೋ, ನನ್ನ ಮಕ್ಕಳು ಬಂದ್ರು" ಎನ್ನುತ್ತಿದ್ದ. ಬುರುಡೆ ಕಟ್ಟಿದ ಪ್ರತಿಯೊಬ್ಬ ಯಜಮಾನನೂ ಹಾಗೇ. ಲಕ್ಷ ಹಕ್ಕಿ ನೋಡಿದರೂ ಎಲ್ಲ ತನ್ನ ಹಿತ್ತಿಲಿನದೇ ಎನ್ನುತ್ತಾನೆ. ಜನ ನಗುತ್ತಿದ್ದರು, ಇವನೂ ನಗುತ್ತಿದ್ದ. ಆ ಮಾತಿನಲ್ಲಿ ಕೇಡು ಇರಬಹುದೆಂದು ಯಾರಿಗೆ ಗೊತ್ತಿತ್ತು.

ಮೊದಲೆರಡು ವರ್ಷ ಸೆಂಟರಿನವರು ಹಕ್ಕಿಗಳನ್ನು ಓಡಿಸಲು ಗರ್ನಾಲು ಹೊಡೆಸಿದರು. ಆಮೇಲೆ ಹಕ್ಕಿ ನೋಡಲು ಬಂದವರು ಅಂಗಡಿಗೂ ನುಗ್ಗುತ್ತಾರೆಂದು ತಿಳಿದದ್ದೇ ತಡ, ಓಡಿಸುತ್ತಿದ್ದವರೇ ಹಕ್ಕಿಯ ಚಿತ್ರದ ಅಂಗಿ ಮಾರತೊಡಗಿದರು. ಆಗಸ್ಟಿನ ಒಂದು ದಿನಕ್ಕೆ ಮಾರ್ಟಿನ್ ಶನಿವಾರ ಎಂದು ಹೆಸರಿಟ್ಟರು. ಇದೆಲ್ಲದರ ಮೇಲ್ವಿಚಾರಕಿ ಬ್ರಾಂಡಿ ಹೋಲ್ಕಂಬ್ ಎಂಬ ಹೆಂಗಸು. ಹಲ್ಲು ಬಿಳಿ, ಮಾತು ಜೇನು.

ಹೋದ ವರ್ಷ ಮಳೆ ಬರಲಿಲ್ಲ. ಪುರಸಭೆಯವರು ನೀರಿಗೆ ಕಟ್ಟುಪಾಡು ಹಾಕಿದರು. ವಾಹನ ತೊಳೆಯಬಾರದು, ಅಂಗಳ ತೊಳೆಯಬಾರದು. ಲೆಮ್ ಮೆದುಗೊಳವೆ ಸುತ್ತಿಟ್ಟ. ಮೂರು ವಾರದಲ್ಲಿ ಪೇರ್ ಮರಗಳ ಕೆಳಗೆ ಸುಣ್ಣ ಸುರಿದ ಹಾಗೆ ಹಿಕ್ಕೆ ಬಿದ್ದು ಒಣಗಿತು. ಮಾರ್ಟಿನ್ ಶನಿವಾರಕ್ಕೆ ಟಿ.ವಿ.ಯವರು ಬರುತ್ತಾರೆಂದು ಗೊತ್ತಾದಾಗ ಬ್ರಾಂಡಿ ಅವನ ಕೈಗೆ ಎಲೆ ಊದುವ ಯಂತ್ರ ಕೊಟ್ಟಳು. ನಮ್ಮ ಸೀಮೆಯಲ್ಲಿ ಎಲ್ಲದಕ್ಕೂ ಅದೇ ಮದ್ದು. ಎಲೆಯಿರಲಿ, ಹುಲ್ಲಿರಲಿ, ಕಸವಿರಲಿ, ಬೆನ್ನಿಗೆ ಯಂತ್ರ ಕಟ್ಟಿಕೊಂಡು ಬರ್ರೆಂದು ಪಕ್ಕದವರ ಕಡೆಗೆ ಊದಿಬಿಡುವುದು, ಅದಕ್ಕೆ ಚೊಕ್ಕಟ ಎಂದು ಹೆಸರು.

ಲೆಮ್ ಅವಳಿಗೆ ಏನು ಹೇಳಿದನೆಂದು ಅವತ್ತೇ ಊಟದ ಹೊತ್ತಿಗೆ ನನಗೆ ಹೇಳಿದ್ದ.

"ಮಿಸ್ ಬ್ರಾಂಡಿ, ಇದನ್ನ ಒಣಗಿದ್ದಾಗ ಊದಬಾರದು. ಎರಡು ಡ್ರಮ್ ನೀರು ಕೊಡಿಸಿ, ನೆನೆಸಿ ಕೆರೆದು ತೆಗೀತೀನಿ ಅಂದೆ ಅಕ್ಕ."

"ಅವಳೇನಂದ್ಲು?"

"'ಮಿಸ್ಟರ್ ಲೆಮ್, ಹಕ್ಕಿ ನಿಮ್ಮ ಮಕ್ಕಳು ಅಂತೀರಲ್ಲ, ಮಕ್ಕಳದಕ್ಕೆ ಯಾರಾದ್ರೂ ಮೂಗು ಮುಚ್ಕೋತಾರಾ?' ಅಂದ್ಲು."

"ನೀನು ಯಂತ್ರ ಅವಳ ಕಾಲಮೇಲೆ ಹಾಕಿ ಬರೋದಲ್ವಾ?"

"ಅರವತ್ತೊಂದು ನಂಗೆ. ಇನ್ನೆಲ್ಲಿ ಕೆಲಸ ಹುಡುಕ್ಲಿ? ಮೂರು ಬೆಳಗಿನ ಕೆಲಸ. ಕರ್ಚೀಫ್ ಕಟ್ಕೋತೀನಿ, ಬಿಡು."

ಮೂರು ಬೆಳಿಗ್ಗೆ ಊದಿದ. ಮನೆಗೆ ಬರುವಾಗ ಹುಬ್ಬು, ಕಿವಿ, ಕರ್ಚೀಫು ಎಲ್ಲ ಬೆಳ್ಳಗೆ. ಹಿಟ್ಟಿನ ಗಿರಣಿಯಿಂದ ಬಂದವನ ಹಾಗೆ ಇದ್ದ, ಆದರೆ ಅದು ಹಿಟ್ಟಲ್ಲ. ನಾನು ಅವನನ್ನು ಹಿಂಬಾಗಿಲಲ್ಲೇ ನಿಲ್ಲಿಸಿ ಬಟ್ಟೆ ಬಿಚ್ಚಿಸಿ, ಆ ಬಟ್ಟೆಯನ್ನು ಕೋಲಿನಿಂದ ಎತ್ತಿ ಆಚೆ ಹಾಕಿದೆ. ಶನಿವಾರ ಟಿ.ವಿ.ಯವರು ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲೆಮ್ ಕ್ಯಾಮೆರಾ ಮುಂದೆ ನಿಂತು ಹಲ್ಲು ಬಿಟ್ಟು ಹೇಳಿದ: "ಇವೆಲ್ಲ ನನ್ನ ಮಕ್ಕಳೇ. ನಾನೇ ಸಾಕಿದ್ದು, ನನ್ನ ಕೈಯಾರೆ ಗೂಡು ತೊಳೆದು."

ಎರಡು ವಾರಕ್ಕೆ ಜ್ವರ ಹಿಡಿಯಿತು. ಬೆವರಿಗೆ ಹಾಸಿಗೆ ಹಿಂಡುವ ಹಾಗಾಗುತ್ತಿತ್ತು. ಕೆಮ್ಮಿದರೆ ಗೋಡೆ ಹಿಡಿಯಬೇಕು. ಮೊದಲು ಫ್ಲೂ ಎಂದರು, ಆಮೇಲೆ ನ್ಯುಮೋನಿಯಾ ಎಂದರು, ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಎಳೆ ವಯಸ್ಸಿನ ಡಾಕ್ಟರಮ್ಮ, "ನೀವು ಹಕ್ಕಿ ಹಿಕ್ಕೆಯ ದೂಳು ಕುಡಿದಿದ್ದೀರಾ?" ಎಂದು ಕೇಳಿದಳು. ಹಿಕ್ಕೆಯಲ್ಲಿ ಬೆಳೆದ ಬೂಸ್ಟು ಅವನ ಶ್ವಾಸಕೋಶದೊಳಗೆ ಬೇರು ಬಿಟ್ಟಿತ್ತು. ನನ್ನ ತಮ್ಮನ ಎದೆಯೊಳಗೆ, ಹಳಸಿದ ರೊಟ್ಟಿಯ ಮೇಲೆ ಬೆಳೆಯುವಂಥದ್ದು. ನಾನು ಆಸ್ಪತ್ರೆಯ ಮೋರಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ. ವರ್ಷವಿಡೀ ಔಷಧಿ ಬೇಕು, ಮಧ್ಯೆ ಬಿಟ್ಟರೆ ಉಳಿಯುವುದಿಲ್ಲ ಎಂದಳು ಡಾಕ್ಟರಮ್ಮ. ನನ್ನ ಪಿಂಚಣಿಯಲ್ಲಿ ಅದು ಒಂದು ತಿಂಗಳಿಗೂ ಆಗದ ಮಾತು. ಕೆಲಸದಿಂದ ಬಂದ ಕಾಯಿಲೆ ಎಂದು ಸಾಬೀತಾದರೆ ಸೆಂಟರಿನವರು ಕೊಡಿಸಬೇಕು. ಹಾಗೆಂದು ಅರ್ಜಿ ಹಾಕಿದೆವು. ಅವನ ಉಸಿರು ಆ ಒಂದು ಕಾಗದದಲ್ಲಿ ಸಿಕ್ಕಿಕೊಂಡಿತು.

ಸೆಂಟರಿನವರು ಬರೆದು ಕಳಿಸಿದ ಉತ್ತರ ಇಷ್ಟು: ಪೆಟಸ್ ಅವರು ಮನೆಯಲ್ಲಿ ಇದೇ ಹಕ್ಕಿ ಸಾಕುತ್ತಾರೆ, ಗೂಡು ತೊಳೆಯುತ್ತಾರೆ, ಕಾಯಿಲೆ ಅಲ್ಲಿಂದಲೇ ಬಂದಿರಬೇಕು. ಸಾಕ್ಷಿಗೆ ಟಿ.ವಿ.ಯಲ್ಲಿ ಅವನಾಡಿದ ಮಾತು. ಆ ಕಾಗದವನ್ನು ಒಲೆಗೆ ಹಾಕಬೇಕೆನ್ನಿಸಿತು. ಇವನ ಹೆಮ್ಮೆಯನ್ನು ಅಂಗಿಯ ಮೇಲೆ ಅಚ್ಚು ಹಾಕಿ ಮಾರಿದವರು ಅದನ್ನೇ ಇವನ ಕುತ್ತಿಗೆಗೆ ಸುತ್ತಿದ್ದರು.

ನಮ್ಮ ವಕೀಲರು ಪ್ರೂವಿಟ್ ಎಂಬ ಮುದುಕರು. ವಿಚಾರಣೆಗೆ ಎರಡು ದಿನ ಮೊದಲು ನಮ್ಮ ಅಡುಗೆಮನೆಗೆ ಬಂದು, ಮೆಕ್ಕೆಜೋಳದ ರೊಟ್ಟಿ ತಿನ್ನುತ್ತ ಹೇಳಿದರು: "ನೋಡಿ ಮಿಸ್ಟರ್ ಪೆಟಸ್, ಟಿ.ವಿ. ಮಾತನ್ನ ಬರೀ ಬಡಾಯಿ ಅಂತ ತಳ್ಳಿಹಾಕಬಹುದು. ಗೂಡು ತೊಳೆಯೋದು ಯಾರು ಅಂತ ಕೇಳೇ ಕೇಳ್ತಾರೆ. ನಾನೇ ಅಂದ್ರೋ, ಕೇಸು ಮುಗೀತು."

"ನಾನು ನೆನೆಸೇ ತೊಳಿಯೋದು ಸರ್. ಒಂದು ಚಿಟಿಕೆ ದೂಳು ಏಳಲ್ಲ. ಅದನ್ನೇ ಹೇಳ್ತೀನಿ."

"ನೆನೆಸಿದ್ದಕ್ಕೆ ಸಾಕ್ಷಿ ಎಲ್ಲಿ? ನಿಮ್ಮ ಬಾಯಿಗೆ ಏನು ಬರಬೇಕು ಅಂತ ನಾನು ಹೇಳೋ ಹಾಗಿಲ್ಲ. ಕೇಸು ಯಾವುದರಿಂದ ಮುಗಿಯುತ್ತೆ ಅಂತ ಮಾತ್ರ ಹೇಳ್ದೆ." ಪ್ರೂವಿಟ್ ಕೈ ಒರೆಸಿಕೊಂಡು ಹೋದರು.

ಅವರು ಹೇಳದೆ ಬಿಟ್ಟದ್ದನ್ನು ನಾನು ಹೇಳಿದೆ. ಎರಡು ದಿನ ಹೇಳಿದೆ. ತಟ್ಟೆ ಇಡುವಾಗ ಹೇಳಿದೆ, ಮಾತ್ರೆ ಕೊಡುವಾಗ ಹೇಳಿದೆ. "ಆ ದರಿದ್ರ ಹಕ್ಕಿಗೋಸ್ಕರ ಸಾಯ್ತೀಯಾ? ಯಾರೂ ತೊಳೆಯಲ್ಲ, ಯಾರೂ ಮುಟ್ಟಲ್ಲ ಅನ್ನು. ನಾಲ್ಕು ಮಾತು. ನಿನ್ನನ್ನ ಹೂಳಿ ನಾನೊಬ್ಬಳೇ ಈ ಮನೆಯಲ್ಲಿ ಕೂತ್ಕೊಳ್ಲಾ?"

ಅವನು ಮೂಗಿಗೆ ಹಾಕಿದ ಆಮ್ಲಜನಕದ ಕೊಳವೆ ಸರಿಮಾಡಿಕೊಂಡು ನನ್ನನ್ನೇ ನೋಡಿದ. "ಬೈಬಲ್ ಮೇಲೆ ಕೈ ಇಡಿಸ್ತಾರೇನಕ್ಕಾ?"

"ಇಡಿಸ್ಲಿ. ದೇವರಿಗೆ ಬುದ್ಧಿ ಇದೆ."

ಜನವರಿ ಕೊನೆಯಲ್ಲಿ ವಿಚಾರಣೆ ನಡೆಯಿತು. ಹಸಿರು ಗೋಡೆಯ ಒಂದು ಕೋಣೆ, ಉದ್ದ ಮೇಜು. ಮೊದಲು ಬ್ರಾಂಡಿ ಆಣೆ ಮಾಡಿ, ನೀರು ಹಾಕಿಯೇ ತೊಳೆಯಬೇಕೆಂದು ತಾನು ಹೇಳಿದ್ದಾಗಿ ಜೇನು ಸುರಿಸಿದಳು. ಪ್ರೂವಿಟ್ ಪುರಸಭೆಯ ನೀರಿನ ನೋಟೀಸನ್ನು ಮೇಜಿನ ಮೇಲಿಟ್ಟು, "ಆ ತಿಂಗಳು ಯಾವ ನೀರಿನಿಂದ ತೊಳೀಬೇಕಿತ್ತಮ್ಮ?" ಎಂದರು. ಅವಳು ನೆನಪಿಲ್ಲ ಎಂದಳು. ಎದ್ದು ಹೋಗಿ ಹೊರಗೆ ಫೋನಿನಲ್ಲಿ ನಗುತ್ತಿದ್ದದ್ದು ನಮಗೆ ಒಳಗೆ ಕೇಳಿಸುತ್ತಿತ್ತು.

ಆಮೇಲೆ ಲೆಮ್. ಕೈ ಇಟ್ಟ, ಆಣೆ ಮಾಡಿದ. ಸೆಂಟರಿನವರ ವಕೀಲ ಟಿ.ವಿ. ಚಿತ್ರ ಹಾಕಿ ತೋರಿಸಿದ. ಗೋಡೆಯ ಮೇಲೆ ಲೆಮ್ ಹಲ್ಲು ಬಿಟ್ಟು ನಗುತ್ತಿದ್ದ, ಹಿಂದೆ ಹಕ್ಕಿಗಳು.

"ಈ ಹಕ್ಕಿಗಳು ನಿಮ್ಮವಾ, ಮಿಸ್ಟರ್ ಪೆಟಸ್?"

ಲೆಮ್ ಗೋಡೆಯ ಮೇಲಿನ ಚಿತ್ರದಿಂದ ಕಣ್ಣು ತೆಗೆದ. ಆಮೇಲೆ, "ಅಲ್ಲ ಸರ್. ಅವು ಕಾಡು ಹಕ್ಕಿ" ಎಂದ.

"ನಿಮ್ಮ ಹಿತ್ತಿಲಿನ ಬುರುಡೆಗಳನ್ನ ತೊಳೆಯೋದು, ಗೂಡು ಬದಲಾಯಿಸೋದು ಯಾರು?"

"ಯಾರೂ ಇಲ್ಲ."

"ಸ್ವಲ್ಪ ಜೋರಾಗಿ ಹೇಳಿ."

"ಯಾರೂ ಇಲ್ಲ ಸರ್. ನಮ್ಮಪ್ಪ ಕಟ್ಟಿದ್ದು, ಹಾಗೇ ನೇತಾಡ್ತಿವೆ. ನಮ್ಮ ಮನೇಲಿ ಯಾರೂ ಅವನ್ನ ಮುಟ್ಟಲ್ಲ."

ನಾನು ಹೇಳಿಕೊಟ್ಟಿದ್ದಕ್ಕಿಂತ ಎರಡು ಮಾತು ಹೆಚ್ಚೇ ಹೇಳಿದ. ನನಗೆ ಎಷ್ಟು ಖುಷಿಯಾಯಿತೆಂದರೆ, ಹಿಂದಿನ ಬೆಂಚಿನಲ್ಲಿ ಕುಳಿತು ಚೀಲದ ಹಿಡಿಯನ್ನು ಕಿತ್ತುಹಾಕಿಬಿಟ್ಟೆ. ಹದಿನೈದು ದಿನಕ್ಕೆ ಕಾಗದ ಬಂತು. ಗೆದ್ದಿದ್ದೆವು. ಔಷಧಿ ಮನೆ ಬಾಗಿಲಿಗೇ ಬರತೊಡಗಿತು. ಲೆಮ್ ಮುಂದಿನ ಭಾನುವಾರವೇ ಪಾದ್ರಿಗೆ ಹೇಳಿ ಡೀಕನ್ ಕೆಲಸ ಬಿಟ್ಟ. ಎದೆಯಲ್ಲಿ ಬಲವಿಲ್ಲ ಎಂದು ಎಲ್ಲರಿಗೂ ಹೇಳಿದ, ಎಲ್ಲರೂ ನಂಬಿದರು. ನಾನೂ ನಂಬಿದೆ.

ಅವನು ಆಸ್ಪತ್ರೆಯಲ್ಲಿದ್ದ ಕಾರಣ ಆ ಸಲ ಬುರುಡೆಗಳನ್ನು ಯಾರೂ ಇಳಿಸಿರಲಿಲ್ಲ. ಫೆಬ್ರವರಿಯಲ್ಲಿ ಮೊದಲ ಗಂಡು ಹಕ್ಕಿ ಬಂದು ಕಂಬದ ಮೇಲೆ ಕುಳಿತು ಗುಳುಗುಳು ಎಂದಾಗ, ಲೆಮ್ ಆ ಕಡೆಯ ಕಿಟಕಿಯ ಪರದೆ ಎಳೆದ. ಮೊಟ್ಟೆಯ ಚಿಪ್ಪನ್ನು ನಾನು ಅಭ್ಯಾಸಬಲದಿಂದ ತೆಗೆದಿಟ್ಟಿದ್ದರೆ ಅದನ್ನು ಕಸಕ್ಕೆ ಹಾಕಿದ. ಕಾಯಿಲೆಯ ಬೇಸರ, ಹೋಗುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹಂಡೆ ಉಳಿಯಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು.

ಜೂನ್ ತಿಂಗಳ ಒಂದು ಬೆಳಿಗ್ಗೆ ಬಟ್ಟೆ ಒಣಗಿಸಲು ಹಿತ್ತಿಲಿಗೆ ಹೋದರೆ ಕಾಲಿಗೆ ಮೆತ್ತಗೆ ಏನೋ ಸಿಕ್ಕಿತು. ಮಾರ್ಟಿನ್ ಮರಿ. ಪುಕ್ಕ ಪೂರ್ತಿ ಬಂದಿರಲಿಲ್ಲ. ಆಚೆ ಇನ್ನೊಂದು, ಕಂಬದ ಬುಡದಲ್ಲಿ ಐದು. ಹಳೆಯ ಗೂಡಿನ ಹುಳುಗಳ ಕಾಟ ತಡೆಯಲಾರದೆ, ರೆಕ್ಕೆ ಬಲಿಯುವ ಮೊದಲೇ ತೂತಿನಿಂದ ಹಾರಿಕೊಂಡಿದ್ದವು. ಕೆಲವು ಇನ್ನೂ ಕೊಕ್ಕು ತೆರೆಯುತ್ತಿದ್ದವು. ಒಂದನ್ನು ಎತ್ತಿದೆ. ಅದರ ಹೊಟ್ಟೆಯಿಂದ ಕೆಂಪು ಹುಳುಗಳು ನನ್ನ ಮಣಿಕಟ್ಟಿಗೆ, ಅಲ್ಲಿಂದ ತೋಳಿಗೆ ಹರಿದವು. ಮೂವತ್ತು ವರ್ಷ ಅಡುಗೆಮನೆಯಲ್ಲಿ ಒಂದು ಜಿರಲೆ ಕಂಡರೆ ಕೂಗಾಡಿದವಳು ನಾನು. ಅವತ್ತು ಕೂಗಲಿಲ್ಲ. ಮೇಲೆ ಬುರುಡೆಗಳಲ್ಲಿ ಇನ್ನೂ ಮರಿಗಳ ಸದ್ದಿತ್ತು. ಹಂಡೆ ತಂದೆ, ನೀರು ತುಂಬಿದೆ, ಪೈನ್ ಮರದ ಕೆಳಗಿನಿಂದ ಒಣಗಿದ ಎಲೆ ಗುಡ್ಡೆ ಹಾಕಿದೆ, ತೊಲೆಯ ಹಗ್ಗ ಬಿಚ್ಚತೊಡಗಿದೆ.

ಹಿಂಬಾಗಿಲು ಕಿರುಗುಟ್ಟಿತು. ಲೆಮ್ ಆಮ್ಲಜನಕದ ಡಬ್ಬಿ ಎಳೆದುಕೊಂಡು ಮೆಟ್ಟಿಲವರೆಗೆ ಬಂದು ನಿಂತಿದ್ದ.

"ಅಕ್ಕಾ, ಹಗ್ಗ ಬಿಡು."

"ಲೋ, ಒಳಗೆ ಇನ್ನೂ ಜೀವ ಇವೆ ಕಣೋ. ಹಳೇ ಗೂಡು ತೆಗೆದು ಹೊಸದು ಹಾಕಿದ್ರೆ ಉಳಿದವು ಬದುಕ್ತವೆ. ನೀನೇ ಮಾಡ್ತಿದ್ದೆಯಲ್ಲ."

"ಗೊತ್ತು."

"ನೀನು ಬರಬೇಡ, ದೂಳು ನಿನಗಾಗಲ್ಲ. ಒಳಗೆ ಹೋಗಿ ಬಾಗಿಲು ಹಾಕ್ಕೋ. ನಾನು ಮಾಡ್ತೀನಿ."

"ಕೈ ಇಟ್ಟು ಹೇಳಿದೀನಿ ಅಕ್ಕ. ಅವತ್ತು ಅದು ಸುಳ್ಳಾಗಿತ್ತು. ಇನ್ನು ಮೇಲಾದ್ರೂ ನಿಜ ಆಗ್ಲಿ." ಉಸಿರಿಗಾಗಿ ನಿಂತ, ಕಂಬದ ಕಡೆಗೆ ಒಂದು ಸಲವೂ ಕಣ್ಣೆತ್ತಲಿಲ್ಲ. "ಯಾರೂ ಮುಟ್ಟಲ್ಲ ಅಂದೆ. ನೀನು ಹೇಳಿಕೊಟ್ಟಿದ್ದೇ ಅಂದೆ. ಯಾರೂ ಅಂದ್ರೆ ಅದರಲ್ಲಿ ನೀನೂ ಸೇರ್ತೀಯ."

ಬಾಗಿಲು ಮುಚ್ಚಿಕೊಂಡ. ನಾನು ಹಗ್ಗ ಹಿಡಿದುಕೊಂಡು ನಿಂತೆ. ತೋಳಿನ ಮೇಲೆ ಹುಳುಗಳು ಹರಿದಾಡುತ್ತಿದ್ದವು, ಝಾಡಿಸಲೂ ಮನಸ್ಸಾಗಲಿಲ್ಲ. ಆ ಬೆಳಿಗ್ಗೆ ನನಗೆ ಅಸಹ್ಯವಾದದ್ದು ಅವುಗಳಿಂದಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮರಿ ಬುರುಡೆಯ ತೂತಿನಲ್ಲಿ ತಲೆ ಹಾಕಿತು. ನಾನು ಹಗ್ಗವನ್ನು ಮತ್ತೆ ಕಂಬಕ್ಕೆ ಕಟ್ಟಿದೆ.